ಊಟದ ಸಾಲಿನ ಹಾಡು

ಕುಶಾಲನಗರದಿಂದ ಮಡಿಕೇರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಸೌಮ್ಯ ತನ್ನ ಅಮ್ಮನ ದನಿ ಕೇಳಿದಳು. ಅಮ್ಮ ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು.

ಡ್ರೈವರ್ ಹಾಕಿದ್ದು ಯಾವುದೋ ಹೊಸ ಹಾಡು. ದಡದಡ ಬಡಿತದ ನಡುವೆ ಹುಡುಗಿಯದ್ದೆನ್ನುವಷ್ಟು ತೆಳುವಾದ ದನಿ ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತಿತ್ತು: "ಸಾಲಾಗಿ ಬನ್ರೋ ಮಕ್ಳಾ, ಸಾರು ಆರೋಕ್ ಮುಂಚೆ." ಹಿಂದಿನ ಸೀಟಿನ ಕಾಲೇಜು ಹುಡುಗಿಯರು ಭುಜ ಕುಣಿಸುತ್ತ ಜೊತೆಗೆ ಹಾಡಿದರು. "ಮಕ್ಳಾ" ಎಂಬಲ್ಲಿ ದನಿ ಚೂರು ಒಡೆಯುತ್ತಿತ್ತು. ಒಲೆಯ ಹೊಗೆ ಕುಡಿದ ಗಂಟಲು ಹಾಗೆ ಒಡೆಯುತ್ತದೆ. ಸೌಮ್ಯ ಇಳಿಯಬೇಕಾದ ಸ್ಟಾಪು ದಾಟಿಹೋಯಿತು.

ಅವಳ ಅಮ್ಮ ಕಾಮಾಕ್ಷಮ್ಮ ಹಾರಂಗಿ ಹತ್ತಿರದ ಒಂದು ಶಾಲೆಯಲ್ಲಿ ಹದಿನೆಂಟು ವರ್ಷ ಬಿಸಿಯೂಟ ಬೇಯಿಸಿದವರು. ಒಮ್ಮೆ ಊಟದ ಬೆಲ್ಲಿಗೆ ಮಕ್ಕಳು ನುಗ್ಗಿ, ಒಂದು ಮಗುವಿನ ಕೈಮೇಲೆ ಸಾರು ಚೆಲ್ಲಿತ್ತು. ಮಾರನೇ ದಿನದಿಂದ ಕಾಮಾಕ್ಷಮ್ಮ ಸೌಟು ಹಿಡಿದು ಬಾಗಿಲಲ್ಲಿ ನಿಂತು ಹಾಡತೊಡಗಿದರು. ತಮಿಳಿನ ಮಕ್ಕಳು, ಮಲಯಾಳದ ಮಕ್ಕಳು, ಅರೆಭಾಷೆಯ ಮಕ್ಕಳು, ಎಲ್ಲ ಹಾಡುತ್ತಲೇ ಸಾಲು ನಿಂತರು. ಹೆಡ್‌ಮಾಸ್ಟರ್ ಜಯಪ್ರಕಾಶ್ ಅದಕ್ಕೆ ಅಕ್ಷರ, ಅನ್ನ ಎಂದು ಇನ್ನೊಂದು ನುಡಿ ಸೇರಿಸಿ ಶಾಲೆಯ ಹಾಡನ್ನಾಗಿ ಮಾಡಿದರು. ಒಂದು ವಾರ್ಷಿಕೋತ್ಸವದಲ್ಲಿ ಅಮ್ಮನಿಂದಲೇ ಹಾಡಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು.

ಮನೆಯಲ್ಲಿ ಅಮ್ಮನ ಫೋಟೊಗಳಿದ್ದವು. ದನಿ ಎಲ್ಲಿಯೂ ಇರಲಿಲ್ಲ.

ಸಂಜೆ ಸೌಮ್ಯ ವಿಚಾರಿಸಿಕೊಂಡು, ಆ ಹೊಸ ಹಾಡು ಮಾಡಿದ ನವೀನನ ಸ್ಟುಡಿಯೋಗೆ ಹೋದಳು. ಕುಶಾಲನಗರದಲ್ಲಿ ಮೊಬೈಲ್ ಅಂಗಡಿಯ ಮೇಲಿನ ಒಂದು ಕೋಣೆ. ಅವನೂ ಅದೇ ಶಾಲೆಯಲ್ಲಿ ಓದಿದವನು.

"ಅದು ನಮ್ಮಮ್ಮ ಕಣೋ."

"ಗೊತ್ತು ಸೌಮ್ಯಕ್ಕ. ಅವ್ರ ಕೈಯಡುಗೆ ಏಳು ವರ್ಷ ಉಂಡಿದ್ದೀನಿ. ಆ ಹಾಡು ತಲೆಯಿಂದ ಹೋಗ್ತಾನೇ ಇರ್ಲಿಲ್ಲ. ನಲವತ್ತು ಲಕ್ಷ ಜನ ಕೇಳಿದ್ದಾರೆ. ಅಮ್ಮನ ಹೆಸರು ಹಾಕ್ಬೇಕಿತ್ತು, ತಪ್ಪಾಯ್ತು. ಇವತ್ತೇ ಹಾಕ್ತೀನಿ."

"ಹೆಸರು ಆಮೇಲೆ ಹಾಕೀಯಂತೆ. ನಂಗೆ ಆ ಬಡಿತ ಇಲ್ದೆ, ಅಮ್ಮ ಹಾಡಿದ್ದು ಹಾಡಿದ್ಹಂಗೇ ಬೇಕು."

ನವೀನ ತಲೆ ತಗ್ಗಿಸಿದ. ಆ ರೆಕಾರ್ಡಿಂಗ್ ಇದ್ದ ಅವನ ಹಳೆಯ ಹಾರ್ಡ್‌ಡಿಸ್ಕ್ ಕೆಟ್ಟು, ಮೈಸೂರಿನ ರಿಪೇರಿಯವರೂ ಅದನ್ನು ತೆಗೆಯಲಾಗದೆ ವಾಪಸು ಕೊಟ್ಟಿದ್ದರು. ಇಬ್ಬರೂ ಅಲ್ಲಿಂದಲೇ ಜಯಪ್ರಕಾಶ್ ಮೇಷ್ಟರಿಗೆ ಫೋನ್ ಮಾಡಿದರು. "ಅಯ್ಯೋ, ನವೀನಂಗೆ ಕಳಿಸಿದ್ಮೇಲೆ ಜಾಗ ಸಾಲ್ದೆ ಡಿಲೀಟ್ ಮಾಡ್ಬಿಟ್ನಲ್ಲಮ್ಮ," ಎಂದು ಅವರು ದುಃಖಪಟ್ಟರು. ಉಳಿದದ್ದು ಹೊಸ ಹಾಡಿನೊಳಗಿನ ಆರು ಸೆಕೆಂಡು; ಅದೂ ಬಡಿತದೊಳಗೆ ಬೆರೆತು, ದನಿ ಎತ್ತರಿಸಿದ್ದು.

ನವೀನ ಎತ್ತರಿಸಿದ ಆ ದನಿಯನ್ನೇ ಮತ್ತೆ ತಗ್ಗಿಸಿ ನೋಡಿದ. ಯಾರೋ ಗಂಡಸು ನಿದ್ದೆಯಲ್ಲಿ ಮಾತಾಡಿದಂತೆ ಕೇಳಿತು. ಇನ್ನಷ್ಟು ತಿದ್ದಿದ. ಎರಡು ಗಂಟೆ ಕೂತರು.

"ಇದಾ ಅಕ್ಕ?"

"ಅಲ್ಲ."

"ಇದು?"

ಸೌಮ್ಯಳಿಗೆ ದಿಗಿಲಾಯಿತು. ಇಷ್ಟು ಸಲ ಕೇಳಿ ಕೇಳಿ, ನಿಜವಾದ ದನಿ ಹೇಗಿತ್ತೆಂಬುದೇ ಅವಳಿಗೆ ಖಚಿತವಾಗಿ ನೆನಪಾಗುತ್ತಿರಲಿಲ್ಲ. "ಸಾಕು ನಿಲ್ಸೋ," ಎಂದು ಎದ್ದಳು. ನವೀನ ಅಳುತ್ತಿದ್ದ.

ಸೌಮ್ಯ ಫೋನಿನಲ್ಲಿ ವಿಷಯ ತಿಳಿಸಿದ್ದರಿಂದ ಮನೆಯಲ್ಲಿ ಅಪ್ಪ ಪುಟ್ಟರಾಜು ಕಾಯುತ್ತಿದ್ದರು. ಅವರೂ ಆ ಹಾಡನ್ನು ಹಿಂದಿನ ವಾರ ಆಟೋದಲ್ಲಿ ಕೇಳಿ, ಮಗಳಿಗೆ ಹೇಳದೆ ಸುಮ್ಮನಿದ್ದರು.

"ಸಿಕ್ತಾ ಮಗಾ?"

"ಇಲ್ಲ ಅಪ್ಪ. ಎಲ್ಲೂ ಇಲ್ಲ."

ಅಪ್ಪನ ಮುಖ ನೋಡಲಾಗದೆ ಸೌಮ್ಯ ಪಕ್ಕದಲ್ಲಿ ಕುಳಿತಳು. ಅಮ್ಮ ಹಾಡುತ್ತಿದ್ದ ಹಾಗೇ, ನಿಧಾನವಾಗಿ, ಮೊದಲ ಸಾಲು ಹಾಡಿದಳು. ಎರಡನೆಯದಕ್ಕೆ ಬರುವಷ್ಟರಲ್ಲಿ ಅಪ್ಪ ಅವಳ ಕೈ ಹಿಡಿದರು.

"ಬ್ಯಾಡ ಕಣವ್ವ. ಚೆನ್ನಾಗ್ ಹಾಡ್ತೀಯ. ಆದ್ರೆ ನೀನು ಹಾಡಿದ್ರೆ ಇನ್ಮೇಲೆ ನಂಗೆ ನಿನ್ ದನೀನೇ ಕೇಳ್ಸುತ್ತೆ. ನನ್ ಕಿವೀಲಿ ಅವಳ್ದು ಇನ್ನೂ ಒಂಚೂರು ಐತೆ."

ಸೌಮ್ಯ ಹಾಡು ನಿಲ್ಲಿಸಿದಳು. ಅಪ್ಪ ಕಣ್ಣು ಮುಚ್ಚಿ ಸುಮ್ಮನೆ ಕುಳಿತರು. ಅವರು ಕೇಳಿಸಿಕೊಳ್ಳುತ್ತಿದ್ದಾರೆಂದು ಅವಳಿಗೆ ತಿಳಿಯಿತು. ಉಸಿರಿನ ಸದ್ದೂ ಆಗದಂತೆ ಕುಳಿತಳು.