ಕಬ್ಬಿಣ ಸೋಕದ ಹನ್ನೊಂದು ದಿನ

ಏಕಾಂತಯ್ಯ ಮೇಷ್ಟ್ರಿಗೆ ಬಾಯಿಯೇ ಬಂಡವಾಳ. ರಿಟೈರಾದ ಮೇಲೆ ಪ್ರತಿ ಭಾನುವಾರ ಖುರ್ಷಿದ್ ಪಾಷಾನ ಮೆಟಡಾರಿನ ಮುಂದಿನ ಸೀಟಿನಲ್ಲಿ ಕೂತು ಜನರಿಗೆ ಗುಡಿ ತೋರಿಸಲು ಹೊರಡುತ್ತಿದ್ದರು. ಬೆಳಿಗ್ಗೆ ತುಮಕೂರು ಬಿಟ್ಟು ಗುಬ್ಬಿಯ ಚನ್ನಬಸವೇಶ್ವರ, ವಾಪಸ್ಸು ಬಂದು ಕೈದಾಳದ ಚನ್ನಕೇಶವ, ಸಂಜೆಗೆ ಕುಣಿಗಲ್ ದಾಟಿ ಯಡಿಯೂರು. ದೇವರಿಗಿಂತ ಮೇಷ್ಟ್ರ ಮಾತೇ ಚೆಂದ ಎಂದು ಯಾರೋ ಪುಣ್ಯಾತ್ಮರು ಒಮ್ಮೆ ಹೊಗಳಿದ್ದರು. ಅಯ್ಯೋ, ಆ ಹೊಗಳಿಕೆ ತಲೆಗೆ ಹತ್ತಿದ್ದು ಇಳಿಯಲೇ ಇಲ್ಲ.

ತೊಂಬತ್ತಾರನೇ ಇಸವಿಯ ಆ ಭಾನುವಾರ ಹಿಂದಿನ ಸೀಟಿನಲ್ಲಿ ಅಮೃತೂರಿನ ಸಿದ್ದಲಕ್ಷ್ಮಮ್ಮ, ಪಕ್ಕದಲ್ಲಿ ಮಗ ಗಂಗರಾಜು. ಮೂವತ್ತರ ಗಟ್ಟಿ ಆಳು. ಅಂತರಸನಹಳ್ಳಿಯ ಯಾವುದೋ ಕಾರ್ಖಾನೆಯ ಪ್ರೆಸ್ ಮೆಷಿನ್ನಿಗೆ ಅವನ ಬಲಗೈ ಸಿಕ್ಕಿ ವಾರವಾಗಿತ್ತು. ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ಕೂತವನು ಗುಬ್ಬಿಯಲ್ಲಿ ಕೆಳಗೂ ಇಳಿಯಲಿಲ್ಲ.

"ನಾಳೆ ಬೆಳಿಗ್ಗೆ ಆಸ್ಪತ್ರೇಲಿ ಕೈ ತೆಗೀತೀವಿ ಅಂದವ್ರೆ ಸ್ವಾಮಿ," ಎಂದಳು ಸಿದ್ದಲಕ್ಷ್ಮಮ್ಮ. "ಬಿಟ್ರೆ ವಿಷ ಮೈಗೆಲ್ಲ ಏರ್ತದಂತೆ. ಅದ್ಕೂ ಮುಂಚೆ ಒಂದ್ಸಲ ದೇವ್ರಿಗೆ ಕೈ ಮುಗಿಸ್ಕಂಡು ಬರಾನ ಅಂತ ಕರ್ಕಂಬಂದೆ. ನಾಳೆಯಿಂದ ಎರಡು ಕೈ ಜೋಡ್ಸಕ್ಕಾಗಲ್ವಲ್ಲ."

ಡ್ರೈವರ್ ಪಾಷಾ ಮೇಷ್ಟ್ರನ್ನು ಪಕ್ಕಕ್ಕೆ ಕರೆದ. "ಮೇಷ್ಟ್ರೇ, ವಾಸ್ನೆ ಬರ್ತಾ ಐತೆ. ಜ್ವರ ಬೇರೆ ಸುಡ್ತಾ ಐತೆ. ಹೆಂಗೂ ತುಮಕೂರು ಮೇಲೇ ಹೋಗ್ಬೇಕು, ಇವತ್ತೇ ಆಸ್ಪತ್ರೆ ಬಾಗ್ಲಲ್ಲಿ ಇಳಿಸ್ಬುಡಾನ."

"ಆ ತಾಯಿ ಆಸೆಪಟ್ಟು ಬಂದವ್ಳೆ, ಸುಮ್ನಿರಪ್ಪ. ಕೈದಾಳ ಒಂದು ತೋರಿಸ್ಬಿಡೋಣ," ಎಂದರು ಮೇಷ್ಟ್ರು. ನಿಜ ಹೇಳಬೇಕೆಂದರೆ, ಕೈ ಕಳೆದುಕೊಂಡ ಶಿಲ್ಪಿಯ ಕತೆಯನ್ನು ಅಂಥದೇ ಕೈಯವನ ಮುಂದೆ ಹೇಳುವ ಚಪಲ ಅವರಿಗೆ.

ಕೈದಾಳದ ಗುಡಿಯೊಳಗೆ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಒಂದು ಕಾಲಕ್ಕೆ ಈ ಹಳ್ಳಿಯೇ ರಾಜಧಾನಿಯಾಗಿದ್ದದ್ದು, ಇಲ್ಲಿ ಹುಟ್ಟಿದ ಶಿಲ್ಪಿ ಬೇಲೂರಿಗೆ ಹೋದದ್ದು, ಅವನು ಕೆತ್ತಿದ ವಿಗ್ರಹದ ಕಲ್ಲಿನಲ್ಲಿ ಕಪ್ಪೆ ಸಿಕ್ಕಿದ್ದು, ಅವಮಾನ ತಾಳದೆ ತನ್ನ ಬಲಗೈಯನ್ನೇ ಕಡಿದುಕೊಂಡದ್ದು, ಊರಿಗೆ ಬಂದು ಈ ಕೇಶವನನ್ನು ನಿಲ್ಲಿಸಿದಾಗ ಕೈ ತಿರುಗಿ ಬಂದದ್ದು. ಇಷ್ಟನ್ನು ಊರಿನವರೆಲ್ಲ ಹೇಳುತ್ತಾರೆ. ಇದರ ಮೇಲೆ ಮೇಷ್ಟ್ರದೊಂದು ಒಗ್ಗರಣೆ ಇತ್ತು.

"ಹನ್ನೊಂದು ದಿನ ಆ ಗಾಯಕ್ಕೆ ಕಬ್ಬಿಣ ಸೋಕಿಸಲಿಲ್ಲ ಆ ಮಹಾನುಭಾವ! ದೇವರನ್ನೇ ನಂಬಿ ಕೂತ. ಹನ್ನೆರಡನೇ ಬೆಳಿಗ್ಗೆ ಎದ್ದು ನೋಡ್ತಾನೆ, ಐದು ಬೆರಳು!"

ಮೂರು ವರ್ಷದ ಹಿಂದೆ ಕೇಳುವವರು ಆಕಳಿಸುತ್ತಿದ್ದರೆಂದು ಬಾಯಿಗೆ ಬಂದಂತೆ ಸೇರಿಸಿದ ಮಾತದು. ಅಂದಿನಿಂದ ಆ ಜಾಗದಲ್ಲಿ ತಪ್ಪದೆ "ಅಬ್ಬಾ" ಬೀಳುತ್ತಿತ್ತು. ಅಂದೂ ಬಿತ್ತು.

"ಹನ್ನೊಂದೇ ದಿನಾನಾ ಸ್ವಾಮಿ?" ಎಂದಳು ಸಿದ್ದಲಕ್ಷ್ಮಮ್ಮ.

ಆಕೆ ಯಾಕೆ ಕೇಳುತ್ತಿದ್ದಾಳೆಂದು ಮೇಷ್ಟ್ರಿಗೆ ಹೊಳೆಯಿತು. ಇಪ್ಪತ್ತು ಜನ ಅವರ ಬಾಯನ್ನೇ ನೋಡುತ್ತಿದ್ದರು. "ಹನ್ನೊಂದೇ ತಾಯಿ," ಎಂದುಬಿಟ್ಟರು.

ಯಡಿಯೂರಿನಲ್ಲಿ ಆಕೆ ಗಂಟು ಸಮೇತ ಇಳಿದು, ಹನ್ನೊಂದು ದಿನ ಸ್ವಾಮಿ ಸನ್ನಿಧಿಯ ಛತ್ರದಲ್ಲೇ ಇರುತ್ತೇವೆ ಎಂದಳು.

"ಅವ್ವ, ನಾಳೆ ಆಪ್ರೇಸನ್ನು ಕಣವ್ವ," ಎಂದ ಗಂಗರಾಜು. ಅವನಿಗೆ ನಿಲ್ಲಲೂ ತ್ರಾಣವಿರಲಿಲ್ಲ.

"ಅವ್ರು ಕುಯ್ಯದು ಯಾತರಲ್ಲಿ? ಕಬ್ಬಿಣದಲ್ಲಿ ತಾನೆ? ಸುಮ್ಕಿರ್ಲಾ."

"ಡಾಕ್ಟರು ಹೇಳಿದ್ದನ್ನೂ ಒಂಚೂರು ಕೇಳಮ್ಮ," ಎಂದು ಮೇಷ್ಟ್ರು ಗೊಣಗಿದರು. ಆ ಹನ್ನೊಂದು ದಿನ ನಾನು ಕಟ್ಟಿದ್ದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಯಾರೋ ಎಂಥಾ ಜ್ಞಾನ ನಿಮ್ಮದು ಎಂದು ಕಾಲಿಗೆರಗಿದರು. ಮೇಷ್ಟ್ರು ಮಾತು ನುಂಗಿಕೊಂಡು ಗಾಡಿ ಹತ್ತಿದರು.

"ನೀವು ಕಟ್ಟಿದ್ದು ಅಂತ ನಂಗೊತ್ತಿಲ್ವಾ?" ಎಂದ ಪಾಷಾ, ಕುಣಿಗಲ್ ಬಂದಾಗ. "ಬಾಯಿ ಬಿಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಸೋಮವಾರ ಹೋಗಿ ಹೇಳಿಬರಬೇಕೆಂದುಕೊಂಡರು. ಸೋಮವಾರ ನೆಂಟರು ಬಂದರು. ಮಂಗಳವಾರ, ಆಕೆ ಇಷ್ಟೊತ್ತಿಗೆ ಆಸ್ಪತ್ರೆಗೆ ಹೋಗಿರುತ್ತಾಳೆ ಎಂದು ತಮಗೆ ತಾವೇ ಹೇಳಿಕೊಂಡರು. ಥೂ, ಎಂಥ ಹೇಡಿ ಮನುಷ್ಯ!

ಐದು ವಾರ ಕಳೆದು ಸಿದ್ದಲಕ್ಷ್ಮಮ್ಮ ಮತ್ತೆ ಮೆಟಡಾರಿನ ಹತ್ತಿರ ಬಂದಳು. ಒಬ್ಬಳೇ.

"ಆರನೇ ದಿನ ಮಗೀಗೆ ಗ್ಯಾನ ತಪ್ತು ಸ್ವಾಮಿ. ಛತ್ರದೋರು ಹೆದರ್ಕಂಡು ಆಸ್ಪತ್ರೆಗೆ ಎತ್ಕೊಂಡೋದ್ರು. ನಾನು ಬ್ಯಾಡ ಬ್ಯಾಡ ಅಂತಿದ್ರೂ ಸೂಜಿ ಚುಚ್ಚೇಬುಟ್ರು. ಸಂಜೆ ಹೊತ್ಗೆ ಹೋಗ್ಬುಟ್ಟ."

ಏಕಾಂತಯ್ಯನವರು ಮೆಟಡಾರಿನ ಬಾಗಿಲು ಹಿಡಿದುಕೊಂಡರು. ಹತ್ತಾರು ಜನ ನೋಡುತ್ತಿದ್ದರು, ನೋಡಲಿ.

"ತಾಯಿ, ಆ ಹನ್ನೊಂದು ದಿನ ಸುಳ್ಳು. ಜನ ಮೆಚ್ಚಲಿ ಅಂತ ನಾನೇ ಕಟ್ಟಿದ್ದು. ಹಂಗೆ ಯಾರೂ ಮಾಡಿಲ್ಲ. ನಿನ್ನ ಮಗನನ್ನ ಕೊಂದೋನು ನಾನು."

ಅವಳು ಅವರನ್ನು ಕರುಣೆಯಿಂದ ನೋಡಿದಳು.

"ಬುಡಿ ಸ್ವಾಮಿ, ನನ್ನ ಸಮಾಧಾನಕ್ಕೆ ಹಂಗಂತೀರ. ದೊಡ್ಡೋರು ನೀವು. ಸೂಜಿನೂ ಕಬ್ಬಿಣವೇ ಅಲ್ವಾ? ಇನ್ನೈದು ದಿನ ನಾನು ಅಡ್ಡ ನಿಂತ್ಕಂಡು ತಡೀಬೇಕಿತ್ತು."

ಸೆರಗು ಹೊದ್ದು ಹಿಂದಿನ ಸೀಟಿಗೆ ಹತ್ತಿದಳು. ಕೈದಾಳದ ದೇವರಿಗೆ ತಪ್ಪುಕಾಣಿಕೆ ಹಾಕಬೇಕಂತೆ.