ಬಾಯ್ಲರಿನ ಮುಳ್ಳು

ನೀರು ಕಾಯಿಸಿ ಮನೆ ಬೆಚ್ಚಗಿಡುವ ನಮ್ಮ ಗ್ಯಾಸ್ ಬಾಯ್ಲರ್ ಇರುವುದು ಅಡುಗೆಮನೆಯ ಕಪಾಟಿನಲ್ಲಿ. ಅದರ ಹೊಟ್ಟೆಯ ಮೇಲೊಂದು ಗುಂಡನೆಯ ಮಾಪಕ, ಮಾಪಕದೊಳಗೊಂದು ಮುಳ್ಳು. ಮುಳ್ಳು ಹಸಿರಿನಲ್ಲಿದ್ದರೆ ಮನೆ ಬೆಚ್ಚಗಿರುತ್ತದೆ. ಕೆಂಪಿಗೆ ಇಳಿಯಿತೋ, ಒಳಗೆ ನೀರಿನ ಒತ್ತಡ ಸಾಲದೆಂದು ಬಾಯ್ಲರ್ ಆರಿಹೋಗಿ ಸುಮ್ಮನೆ ದೀಪ ಮಿಣುಕಿಸುತ್ತಾ ಕೂರುತ್ತದೆ. ಆ ಚಳಿಗಾಲ ಪೂರ್ತಿ ನಾನು ಎದ್ದ ಕೂಡಲೇ ನೋಡಿದ್ದು ಆ ಹಾಳು ಮುಳ್ಳನ್ನೇ. ದಿನವೂ ಅದು ಕೆಂಪಿನಲ್ಲೇ ಬಿದ್ದುಕೊಂಡಿರುತ್ತಿತ್ತು.

ಡೆರಿಕ್‌ಗೂ ನನಗೂ ವಿಚ್ಛೇದನವಾಗಿ ವರ್ಷ ದಾಟಿತ್ತು. ಆದರೂ ಇಬ್ಬರೂ ಒಂದೇ ಸೂರಿನಡಿ. ನಮ್ಮ ಊರು ಬಾರ್ನ್ಸ್ಲಿಯಲ್ಲಿ ಇದೇನು ಅಪರೂಪವಲ್ಲ. ಮನೆ ಇಬ್ಬರ ಹೆಸರಿನಲ್ಲಿದೆ, ಅದು ಮಾರಾಟವಾಗದೆ ಇಬ್ಬರಿಗೂ ಬೇರೆ ಕಡೆ ಹೋಗುವ ತಾಕತ್ತಿಲ್ಲ. ಹಿಂದಿನ ಕೋಣೆ ಅವನಿಗೆ, ಮುಂದಿನದು ನನಗೆ. ನಾನು ಶಾಲೆಯ ಅಡುಗೆಮನೆಯಲ್ಲಿ ಹಗಲು ದುಡಿಯುತ್ತೇನೆ, ಅವನು ಗೋದಾಮಿನಲ್ಲಿ ರಾತ್ರಿಪಾಳಿ. ಮೆಟ್ಟಿಲ ಮೇಲೆ ಎದುರಾದರೆ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದೆವು. ನಾವು ಎಣ್ಣೆ ಸೀಗೆಕಾಯಿ, ಮಾತಂತೂ ಇಲ್ಲವೇ ಇಲ್ಲ. ಹೇಳಲೇಬೇಕಾದ್ದನ್ನು ಲೀಡ್ಸ್‌ನಲ್ಲಿದ್ದ ಮಗಳು ಟ್ರೇಸಿಯ ಕೈಯಲ್ಲಿ ಹೇಳಿಸುತ್ತಿದ್ದೆವು. ಒಂದು ದಿನ ಅವಳೂ ಫೋನಿನಲ್ಲಿ ಕಿರುಚಿದಳು.

"ನಾನೇನು ನಿಮ್ಮಿಬ್ಬರ ಪೋಸ್ಟ್‌ಮ್ಯಾನಾ? ಸೋಪು ಮುಗ್ದಿದೆ ಅಂತ ಪಕ್ಕದ ಕೋಣೆಗೆ ಹೇಳೋಕೆ ಲೀಡ್ಸ್‌ಗೆ ಫೋನ್ ಮಾಡ್ತೀರಲ್ಲ, ನಾಚ್ಕೆ ಆಗಲ್ವಾ?"

ನಾಚಿಕೆಯಾಯಿತು. ಆದರೆ ಅವನೇ ಮೊದಲು ಬಾಯಿ ಬಿಡಲಿ ಎಂಬ ಹಟ ನಾಚಿಕೆಗಿಂತ ದೊಡ್ಡದಿತ್ತು.

ನನಗೆ ಬೇಕಿದ್ದದ್ದು ಒಂದೇ ಒಂದು. ಬ್ರಿಡ್ಲಿಂಗ್ಟನ್‌ನಲ್ಲಿ, ಸಮುದ್ರದ ಕಡೆಗೆ ಕಿಟಕಿಯಿದ್ದ ಪುಟ್ಟ ಫ್ಲಾಟು. ಅದರ ಒಡತಿ ಮಿಸೆಸ್ ಓಲ್ಡ್‌ರಾಯ್ಡ್ ಒಳ್ಳೆಯ ಹೆಂಗಸು. "ನಿಮ್ಮನೆ ಮಾರಾಟ ಆಗ್ಲಿ, ಕಾಯ್ತೀನಿ. ಆದ್ರೆ ಜಾಸ್ತಿ ದಿನ ಕಾಯಕ್ಕಾಗಲ್ಲಮ್ಮಾ" ಎಂದಿದ್ದಳು. ನಾನು ಮನಸ್ಸಿನಲ್ಲೇ ಅಲ್ಲಿ ಪರದೆ ಹಾಕಿ, ಕುರ್ಚಿಯನ್ನೂ ಇಟ್ಟಾಗಿತ್ತು. ಅಡ್ಡ ನಿಂತದ್ದು ಬಾಯ್ಲರ್.

ಬಾಯ್ಲರ್ ರಿಪೇರಿ ಮಾಡುವ ಗ್ಯಾಸಿನವನು ಬಂದು ಕೊಳವೆಗಳನ್ನೆಲ್ಲ ತಡವಿ ನೋಡಿ ತಲೆ ಕೆರೆದುಕೊಂಡ. "ಹೊರಗೆಲ್ಲೂ ತೇವ ಇಲ್ಲ. ಅಂದ್ರೆ ನೆಲದಡಿ ಎಲ್ಲೋ ಸೋರ್ತಿರ್ಬೇಕು. ಕಾಂಕ್ರೀಟು ಒಡೀಬೇಕಾಗುತ್ತೆ ನೋಡಿ" ಎಂದ. ಆಗ ಡೆರಿಕ್ ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದ್ದ, ಇದ್ಯಾವುದೂ ಅವನ ಕಿವಿಗೆ ಬೀಳಲಿಲ್ಲ. ಕಾಂಕ್ರೀಟಿನ ಮಾತು ಕೇಳಿದ್ದೇ ತಡ, ನವೆಂಬರಿನಲ್ಲಿ ಬಂದ ಮೊದಲ ಗಿರಾಕಿ ಕಾಲಿಗೆ ಬುದ್ಧಿ ಹೇಳಿದ. ಆಮೇಲೆ ಬಂದವಳು ಕೋಟನ್ನೂ ಬಿಚ್ಚದೆ ಮನೆ ಸುತ್ತಿ, ಬಾಯ್ಲರಿನ ಬಿಸಿನೀರು ಹರಿದು ಕೋಣೆ ಕಾಯಿಸಬೇಕಾದ ರೇಡಿಯೇಟರು ತಣ್ಣಗಿದ್ದದ್ದನ್ನು ಮುಟ್ಟಿ ನೋಡಿ, ಮೆಲ್ಲಗೆ ಜಾರಿಕೊಂಡಳು.

ನನಗೆ ಗೊತ್ತಿದ್ದ ಮದ್ದು ಒಂದೇ. ಬಾಯ್ಲರಿನ ಕೆಳಗೆ ಹೆಣೆದ ತಂತಿಯ ಪುಟ್ಟ ಕೊಳವೆಯೊಂದಿದೆ, ಅದಕ್ಕೆ ಎರಡು ತಿರುಪು. ಎರಡನ್ನೂ ತಿರುಗಿಸಿದರೆ ಸುಯ್ಯೆಂದು ನೀರು ಒಳನುಗ್ಗಿ ಮುಳ್ಳು ಹಸಿರಿಗೆ ಏರುತ್ತದೆ. ದಿನಾ ಬೆಳಿಗ್ಗೆ ತುಂಬಿಸಿದೆ, ದಿನಾ ಬೆಳಿಗ್ಗೆ ಅದು ಇಳಿದಿರುತ್ತಿತ್ತು. "ನಿಂಗೇನು ಬಂದಿದೆ ರೋಗ? ಕುಡಿದ ನೀರೆಲ್ಲ ಎಲ್ಲಿಗೆ ಹೋಗ್ತಿದೆ?" ಎಂದು ಅದಕ್ಕೆ ಮಂಗಳಾರತಿ ಮಾಡುತ್ತಿದ್ದೆ. ಡೆರಿಕ್ ಜೊತೆ ಆಡದ ಮಾತನ್ನೆಲ್ಲ ಆ ಡಬ್ಬದ ಜೊತೆ ಆಡಿದ್ದೇನೆ.

ಜನವರಿಯಲ್ಲಿ ಮೂರನೆಯ ಗಿರಾಕಿ ಗೊತ್ತಾದರು. ಹೊಸದಾಗಿ ಮದುವೆಯಾದ ಜೋಡಿ, ಸಂಜೆ ಬರುತ್ತೇವೆಂದಿದ್ದರು. ನಾನು ಕೆಲಸದಿಂದ ಓಡಿಬಂದು ಇನ್ನೊಂದಿಷ್ಟು ನೀರು ತುಂಬಿಸಿ, ಮನೆ ಬೆಚ್ಚಗಾಗಲಿ ಎಂದು ಬಾಯ್ಲರ್ ಮುಂದೆಯೇ ಕಾವಲು ನಿಂತೆ. ಸಂಜೆಯಾದರೆ ಡೆರಿಕ್‌ನ ಓಡಾಟ ಕಿವಿಗೆ ಬೀಳದಿರಲೆಂದು ಟೀವಿ ಜೋರಾಗಿ ಹಾಕಿಕೊಳ್ಳುವವಳು ನಾನು, ಅಂದು ಹಾಕಿರಲಿಲ್ಲ. ನೋಡುತ್ತಿದ್ದ ಹಾಗೆಯೇ ಮುಳ್ಳು ಅಲುಗಿತು. ಹಸಿರು ಬಿಟ್ಟು ಕೆಳಗೆ ಜಾರತೊಡಗಿತು. ಅದೇ ಹೊತ್ತಿಗೆ ಮಹಡಿಯಿಂದ ಉಸ್ಸ್ ಎಂಬ ಸದ್ದು ಕೇಳಿತು.

ದಡದಡನೆ ಮೆಟ್ಟಿಲು ಹತ್ತಿದೆ. ಡೆರಿಕ್ ತನ್ನ ಕೋಣೆಯ ರೇಡಿಯೇಟರಿನ ಪಕ್ಕ ಮೊಣಕಾಲೂರಿದ್ದ. ಕೈಯಲ್ಲಿ ರೇಡಿಯೇಟರಿನೊಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಬಿಡುವ ಹಿತ್ತಾಳೆಯ ಕೀಲಿ. ಕೆಳಗಿಟ್ಟ ಟೀ ಮಗ್ಗಿಗೆ ಕಪ್ಪು ನೀರು ಸುರಿಯುತ್ತಿತ್ತು.

"ಏನ್ ಮಾಡ್ತಿದ್ದೀಯ?" ಹಟ ಎಲ್ಲಿ ಹೋಯಿತೋ, ಬಾಯಿಂದ ಬಂದೇಬಿಟ್ಟಿತು.

ಅವನು ಬೆಚ್ಚಿಬಿದ್ದ. "ಗಾಳಿ ಬಿಡ್ತಿದ್ದೀನಿ. ಕಾಣಲ್ವಾ?"

"ದಿನಾ ಬಿಡ್ತೀಯಾ?"

"ಹೂಂ, ದಿನಾ ಕೆಲಸಕ್ಕೆ ಹೋಗೋ ಮುಂಚೆ. ಒಳಗೆ ಗೊಳಗೊಳ ಅಂತ ಸದ್ದು, ಹಗಲೆಲ್ಲ ನಿದ್ದೆ ಇಲ್ಲ ನಂಗೆ. ಬಂದೋರೆಲ್ಲ ಈ ಸದ್ದು ಕೇಳೇ ಓಡಿಹೋಗ್ತಿರೋದು. ಮನೆ ಮಾರಾಟ ಆಗ್ಲಿ ಅಂತ ನಾನಾದ್ರೂ ಒದ್ದಾಡ್ತಿದ್ದೀನಿ, ನೀನು ಆರಾಮಾಗಿ ಟೀವಿ ನೋಡ್ಕೊಂಡು ಕೂತಿರ್ತೀಯ."

"ಬೆಪ್ಪುತಕ್ಕಡಿ! ಗಾಳಿ ಜೊತೆ ನೀರೂ ಹೋಗಿ ಒತ್ತಡ ಇಳಿಯುತ್ತೆ ಕಣೋ, ಬಾಯ್ಲರ್ ಆರುತ್ತೆ! ದಿನಾ ಎದ್ದು ನೀರು ತುಂಬಿಸಿ ಸಾಯ್ತಿರೋಳು ನಾನು!"

ಅವನು ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದ. "ದಿನಾ ತುಂಬಿಸ್ತೀಯಾ? ದಿನಾ ಹೊಸ ನೀರು ಹೋದ್ರೆ ಅದ್ರ ಜೊತೆ ಹೊಸ ಗಾಳೀನೂ ಹೋಗಲ್ವಾ, ಮಹಾತಾಯಿ? ಅದಕ್ಕೇ ಗೊಳಗೊಳ!"

ನೆಲದಡಿ ಏನೂ ಸೋರುತ್ತಿರಲಿಲ್ಲ. ಕಾಂಕ್ರೀಟು ಗಟ್ಟಿಯಾಗಿಯೇ ಇತ್ತು. ಕೆಳಗೆ ನಾನು ತುಂಬಿಸಿದ್ದನ್ನು ಮೇಲೆ ಇವನು ಬಿಡುತ್ತಿದ್ದ, ಇವನು ಬಿಟ್ಟದ್ದನ್ನು ನಾನು ತುಂಬಿಸುತ್ತಿದ್ದೆ. ಒಂದು ಮಾತು ಆಡಿದ್ದರೆ ನವೆಂಬರಿನಲ್ಲೇ ಬಿಡುಗಡೆ ಸಿಗುತ್ತಿತ್ತು. ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತೆಂದರೆ, ಆ ಮಗ್ಗನ್ನು ಗೋಡೆಗೆ ಎಸೆಯಬೇಕೆನಿಸಿತು.

ಅದಕ್ಕೆ ಹೊತ್ತಿರಲಿಲ್ಲ. ನಾನು ಕೆಳಗೆ ಮಾಪಕದ ಮುಂದೆ ನಿಂತೆ, ಅವನು ಮೇಲೆ ಕೋಣೆಯಿಂದ ಕೋಣೆಗೆ ಹೋದ.

"ಈಗ ಎಷ್ಟಿದೆ?"

"ಇಳೀತಿದೆ. ಇರು, ತುಂಬಿಸ್ತೀನಿ. ಹಾಂ, ಈಗ ಬಿಡು!"

"ಬಚ್ಚಲುಮನೇದೂ ಬಿಡ್ಲಾ?"

"ಬಿಡು, ಬಿಡು. ಸಾಕು, ನಿಲ್ಸೋ ಮಾರಾಯ!"

ಕೊನೆಯದಾಗಿ ಒಮ್ಮೆ ತುಂಬಿಸಿದೆ. ಮುಳ್ಳು ಹಸಿರಿನ ನಡುವೆ ನಿಂತಿತು, ಅಲುಗಲಿಲ್ಲ. ರೇಡಿಯೇಟರುಗಳು ಸದ್ದಿಲ್ಲದೆ ತುದಿಯವರೆಗೂ ಕಾದವು. ಡೆರಿಕ್ ಮೆಟ್ಟಿಲ ಮೇಲೆ ಕೂತು ನಕ್ಕ. ನನಗೂ ನಗು ತಡೆಯಲಾಗಲಿಲ್ಲ.

ಬಂದ ಜೋಡಿಯಲ್ಲಿ ಹುಡುಗಿ ಹಜಾರದ ರೇಡಿಯೇಟರಿಗೆ ಬೆನ್ನು ಕೊಟ್ಟು ನಿಂತವಳು ಕದಲಲೇ ಇಲ್ಲ. ಅವರು ಹೋದ ಸ್ವಲ್ಪ ಹೊತ್ತಿಗೆ ಮನೆ ಮಾರಿಸುತ್ತಿದ್ದ ದಲ್ಲಾಳಿ ಫೋನು ಮಾಡಿದ.

"ಅವ್ರಿಗೆ ಮನೆ ಬೇಕಂತೆ! ನಿಮ್ಮಿಬ್ಬರ ಬಾಯಿಂದ್ಲೂ ಹೂಂ ಅಂತ ಕೇಳ್ಬೇಕು ನಾನು. ಈಗ್ಲೇ ಹೇಳಿ, ಅವ್ರು ಬೇರೆ ಮನೆಯೊಂದನ್ನೂ ನೋಡ್ಕೊಂಡಿದ್ದಾರೆ."

ಒಂದು ನಿಮಿಷದಲ್ಲಿ ಹೇಳುತ್ತೇನೆ ಎಂದು ಫೋನಿಟ್ಟು ಬ್ರಿಡ್ಲಿಂಗ್ಟನ್‌ಗೆ ಫೋನು ಮಾಡಿದೆ.

"ಅಯ್ಯೋ, ಹೋದ ವಾರ ಕೊಟ್ಬಿಟ್ಟೆನಲ್ಲಮ್ಮಾ" ಎಂದಳು ಮಿಸೆಸ್ ಓಲ್ಡ್‌ರಾಯ್ಡ್. "ನೀವು ಏನೂ ಹೇಳ್ಲೇ ಇಲ್ಲ. ಎಷ್ಟೂಂತ ಕಾಯ್ಲಿ?"

ಅಡುಗೆಮನೆಯ ಕುರ್ಚಿಯಲ್ಲಿ ಕುಸಿದು ಕೂತು ಅತ್ತೆ. ಡೆರಿಕ್ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಒಳಬಂದು ಕೆಟಲ್ ಹಚ್ಚಿ, ನನಗೆ ಬೇಕಾದಷ್ಟೇ ಹಾಲು ಹಾಕಿ ಟೀ ಮಾಡಿ ಮುಂದಿಟ್ಟ.

"ಇವ್ರಿಗೆ ಬೇಡ ಅಂದ್ಬಿಡೋಣ" ಎಂದ. "ಬೇರೆ ಫ್ಲಾಟು ಸಿಗೋವರ್ಗೂ ಇಲ್ಲೇ ಇದ್ಬಿಡು. ಈಗ ಬೆಚ್ಚಗಂತೂ ಇದೆಯಲ್ಲ."

ಅವನು ಕೆಟ್ಟವನಲ್ಲ. ಆ ಮಾತಿನಲ್ಲಿ ಮೋಸವೂ ಇರಲಿಲ್ಲ. ಆದರೆ ಆ ಕ್ಷಣದಲ್ಲಿ ನನಗಾದಷ್ಟು ಭಯ ಆ ಚಳಿಗಾಲದ ಯಾವ ಬೆಳಿಗ್ಗೆಯೂ ಆಗಿರಲಿಲ್ಲ. ಇಷ್ಟು ದಿನ ಚಳಿಯಿತ್ತು, ಹಟವಿತ್ತು. ಇಲ್ಲಿಂದ ಹೋಗು ಹೋಗು ಎಂದು ಅವೇ ತಳ್ಳುತ್ತಿದ್ದವು. ಈಗ ಮನೆ ಬೆಚ್ಚಗಿದೆ, ಟೀ ಬಿಸಿಯಾಗಿದೆ. ಇದನ್ನು ಕುಡಿದರೆ ನಾನು ಈ ಕುರ್ಚಿಯಿಂದ ಸಾಯುವವರೆಗೂ ಏಳುವುದಿಲ್ಲ ಎನಿಸಿತು.

ದಲ್ಲಾಳಿಗೆ ಫೋನು ಹಚ್ಚಿ ನನ್ನ ಹೂಂ ಹೇಳಿ, ಫೋನನ್ನು ಡೆರಿಕ್ ಕಡೆಗೆ ಚಾಚಿದೆ.

"ಎಲ್ಲಿಗ್ ಹೋಗ್ತೀಯ ಲಿನೆಟ್?"

"ಗೊತ್ತಿಲ್ಲ. ನೀನು ಹೇಳು."

ಅವನು ಫೋನು ಕೈಗೆ ತೆಗೆದುಕೊಂಡ. ಆ ಕಡೆಯಿಂದ ದಲ್ಲಾಳಿ ಹಲೋ ಹಲೋ ಎನ್ನುತ್ತಿದ್ದ.

"ಹೂಂ" ಎಂದ ಡೆರಿಕ್ ಕೊನೆಗೆ. "ನಾವಿಬ್ರೂ ಒಪ್ಪಿದ್ದೀವಿ."

ನಾವಿಬ್ಬರೂ ಎಂದು ಅವನ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ. ಟೀಯನ್ನು ಅಲ್ಲೇ ಬಿಟ್ಟು, ಅಟ್ಟದಿಂದ ಸೂಟ್‌ಕೇಸು ಇಳಿಸಲು ಮೇಲೆ ಹೋದೆ.