ಎರ್ರಮ್ಮ ಕೊಚ್ಚಿಕೊಳ್ಳದ ಇಪ್ಪತ್ತೊಂದು ದಿನ

ಕುರುಗೋಡಿನ ಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಎರ್ರಮ್ಮ ರೊಟ್ಟಿ ಬಡಿಯಲು ಕೂತರೆ ಆ ಸಪ್ಪಳಕ್ಕೆ ಬಳ್ಳಾರಿ ಕೋಟೆಯ ಪಾರಿವಾಳಗಳು ಹಾರಿಹೋಗುತ್ತವೆ. ಅಷ್ಟು ದೂರ ಕೇಳಿಸುತ್ತದೆಯೇ ಎಂದು ಅನುಮಾನ ಇದ್ದವರು ಎರ್ರಮ್ಮನನ್ನೇ ಕೇಳಬೇಕು. ಆಕೆ ಇನ್ನೂ ದೂರದ ಊರಿನ ಹೆಸರು ಹೇಳುತ್ತಾಳೆ. ಆಕೆಯ ರೊಟ್ಟಿಯನ್ನು ಕಣ್ಣಿಗೆ ಹಿಡಿದರೆ ಸಿರುಗುಪ್ಪ ಕಾಣುತ್ತದೆ, ಅಷ್ಟು ತೆಳ್ಳಗೆ. ಆಕೆಯ ಕೆಂಪು ಚಟ್ನಿ ತಿಂದವನು ಮರುದಿನವೂ ಬೆವರುತ್ತಾನೆ. ಓಣಿಯಲ್ಲಿ ಯಾರಾದರೂ ಹೊಸ ಸೀರೆ ಉಟ್ಟು ಹೊರಟರೆ ಎರ್ರಮ್ಮನ ಹಳೇ ಸೀರೆಯ ಪ್ರತಾಪ ಕೇಳಿಯೇ ಮುಂದೆ ಹೋಗಬೇಕು.

ಇಂಥ ಎರ್ರಮ್ಮನ ಮಗಳು ದಾಕ್ಷಾಯಣಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಹೆಣ್ಣು ಹೆತ್ತಳು. ಓಣಿಯ ಮಂದಿ ಕಿವಿಗೆ ಇಟ್ಟುಕೊಳ್ಳಲು ಹತ್ತಿ ಹುಡುಕತೊಡಗಿದರು. ಆದರೆ ಎರ್ರಮ್ಮ ಒಂದು ಮಾತೂ ಕೊಚ್ಚಿಕೊಳ್ಳಲಿಲ್ಲ.

ಕಾರಣ, ದಿಷ್ಟಿ. ಚಟ್ನಿಗೋ ಹಿತ್ತಲಿನ ಎಮ್ಮೆಗೋ ಮಂದಿಯ ಕಣ್ಣು ತಾಗಿದರೆ ತಾಗಲಿ. ಬಾಣಂತಿಯ ಹಾಲನ್ನು ಹೊಗಳಿದರೆ ಮಾತ್ರ ದಿಷ್ಟಿಯಾಗಿ ಎದೆ ಬತ್ತುತ್ತದೆ ಎಂದು ಆಕೆಗೆ ಅವ್ವ ಹೇಳಿದ್ದಳು, ಅವ್ವನಿಗೆ ಅವಳ ಅವ್ವ. ಸುಮ್ಮನಿದ್ದರೂ ಸಾಲದು, ಇಲ್ಲ ಎನ್ನಬೇಕು. ಎರ್ರಮ್ಮ ಯಾವುದನ್ನೂ ಅರೆಬರೆ ಮಾಡುವವಳಲ್ಲ. ಗುಡ್ಡದೆತ್ತರ ಕೊಚ್ಚಿಕೊಳ್ಳುತ್ತಿದ್ದ ಬಾಯಿ ಈಗ ಪಾತಾಳದಾಳ ‘ಇಲ್ಲ’ ಎನ್ನತೊಡಗಿತು.

“ಹಾಲು ಹೆಂಗೈತಿ ಎರ್ರಮ್ಮಕ್ಕ?” ಎಂದು ಪಕ್ಕದ ಮನೆಯ ಯಂಕಮ್ಮ ಕೇಳಿದಳು.

“ಎಲ್ಲಿ ಹಾಲವ್ವ! ಒಂದು ಇರುವಿಗೂ ಸಾಲಂಗಿಲ್ಲ. ಕೂಸು ತಾಸಿಗೊಮ್ಮೆ ಅಳತೈತಿ. ಎದಿಯಾಗ ಬರೇ ಗಾಳಿ.”

“ನನ್ನ ಸೊಸಿಗೂ ಹಿಂಗ ಆಗಿತ್ತು. ಡಬ್ಬಿ ಪೌಡರ್ ತಂದ್ವಿ. ತಂದ ಇಪ್ಪತ್ತು ದಿನಕ್ಕ ಇದ್ದ ಹಾಲೂ ಹೋತು ನೋಡು. ಅದಕ್ಕ ಹೇಳ್ತೀನಿ, ತಡಾ ಮಾಡಬ್ಯಾಡ, ಡಬ್ಬಿ ತರಿಸು.”

ದಿಷ್ಟಿಯ ಕಣ್ಣಿಗೆ ಸರಿಯಾಗಿ ಮಣ್ಣೆರಚಿದೆ ಎಂದು ಎರ್ರಮ್ಮ ಒಳಗೊಳಗೇ ನಕ್ಕಳು. ಪಡಸಾಲೆಗೂ ಬಾಣಂತಿಯ ಕೋಣೆಗೂ ನಡುವೆ ಇದ್ದದ್ದು ಒಂದು ಪರದೆ ಮಾತ್ರ ಎಂಬುದು ಆಕೆಗೆ ಹೊಳೆಯಲೇ ಇಲ್ಲ.

ಪರದೆಯ ಹಿಂದೆ ದಾಕ್ಷಾಯಣಿ ದಿನಾ ಅದನ್ನೇ ಕೇಳುತ್ತಿದ್ದಳು. ಮಗು ಕುಡಿದು ಮಲಗುತ್ತದೆ, ಮಜ್ಜಿಗೆ ಕಡೆದು ಮುಗಿಸುವಷ್ಟರಲ್ಲಿ ಮತ್ತೆ ಬಾಯಿ ತೆರೆಯುತ್ತದೆ. ಸಂಜೆಯಾದರೆ ಎದೆ ಬಿಡುವುದೇ ಇಲ್ಲ. ಮೊದಲ ವಾರ ಬಿಗಿದು ತುಂಬಿದ್ದ ಎದೆ ಈಗ ಮೆತ್ತಗಾಗಿದೆ. ಅವ್ವ ಹೇಳುವುದು ಖರೆ ಎಂದು ಅವಳಿಗೆ ಖಾತ್ರಿಯಾಯಿತು. ಇಪ್ಪತ್ತನೆಯ ದಿನ ಗಂಡನಿಗೆ ಫೋನ್ ಮಾಡಿ ಅತ್ತಳು.

ಗಂಡ ಚನ್ನಬಸವರಾಜ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಸೂಪರ್‌ವೈಸರ್. ಮರುದಿನ ಬೆಳಿಗ್ಗೆಯೇ ಬಳ್ಳಾರಿಗೆ ಹೋಗಿ, ಬ್ರೂಸ್‌ಪೇಟೆಯ ಔಷಧಿ ಅಂಗಡಿಯಲ್ಲಿ ಇದ್ದುದರಲ್ಲೇ ದೊಡ್ಡ ಡಬ್ಬಿ ಹಿಡಿದು, ಬೈಕಿನ ಮೇಲೆ ಗಾಳಿಗಿಂತ ಮೊದಲೇ ಕುರುಗೋಡು ಮುಟ್ಟಿದ.

“ಇದೇನ್ರಿ ಇದು?” ಎಂದಳು ಎರ್ರಮ್ಮ.

“ಹಾಲು ಸಾಲವಲ್ದಂತಲ್ಲ ಅತ್ತಿ.”

“ಹಂಗಂತ ಅಂದೋರ ನಾಲಿಗಿ ಬಿದ್ದುಹೋಗ! ಯಾರು ಅಂದಾಕಿ?”

ಪರದೆ ಸರಿಯಿತು. “ನೀನೇ ಅಲ್ಲೇನವ್ವ?” ಎಂದಳು ದಾಕ್ಷಾಯಣಿ. ಅತ್ತೂ ಅತ್ತೂ ಅವಳ ಕಣ್ಣು ಬಾತಿದ್ದವು. “ಬಂದೋರಿಗೆಲ್ಲ ಹೇಳಾಕತ್ತಿಯಲ್ಲ. ನನ್ನ ಹಡೆದಾಕಿಗೆ ಗೊತ್ತಾಗದ್ದು ಮತ್ಯಾರಿಗೆ ಗೊತ್ತಾಗ್ತೈತಿ?”

“ಲೇ ಹುಚ್ಚಿ, ಅದು ಮಂದಿ ಕಣ್ಣಿಗಂತ ಹೇಳಿದ ಸುಳ್ಳು!”

“ನನ್ನ ಕಿವಿಗೂ ಬಿತ್ತಲ್ಲವ್ವ.”

ಎರ್ರಮ್ಮ ಪರದೆಯನ್ನೊಮ್ಮೆ, ಪಡಸಾಲೆಯನ್ನೊಮ್ಮೆ ನೋಡಿದಳು.

ಅದೇ ಹೊತ್ತಿಗೆ ಆಶಾ ಕಾರ್ಯಕರ್ತೆ ಜಯಶ್ರೀ ಬಂದಳು. ಇಪ್ಪತ್ತೊಂದನೆಯ ದಿನದ ಭೇಟಿ. ಮಗುವನ್ನು ಜೋಳಿಗೆಯಲ್ಲಿ ಹಾಕಿ ತಕ್ಕಡಿಗೆ ಸಿಕ್ಕಿಸಿದಳು.

“ಹುಟ್ಟಿದಾಗ ಎರಡು ಕೆಜಿ ಎಂಟುನೂರು ಗ್ರಾಂ. ಈಗ ಮೂರು ಕೆಜಿ ಇನ್ನೂರು. ದಿನಕ್ಕ ಎಷ್ಟು ಅರಿವಿ ಒದ್ದಿ ಮಾಡ್ತಾಳ?”

ದಾಕ್ಷಾಯಣಿಗೆ ಗೊತ್ತಿರಲಿಲ್ಲ. ಒಗೆಯುವವಳು ಎರ್ರಮ್ಮ. ಮಂದಿ ಎಣಿಸಿಯಾರೆಂದು ಮಗುವಿನ ಬಟ್ಟೆಗಳನ್ನೂ ಆಕೆ ಹಿತ್ತಲಲ್ಲಿ, ಎಮ್ಮೆಯ ಮರೆಯಲ್ಲಿ ಒಣಹಾಕುತ್ತಿದ್ದಳು.

“ನಿನ್ನಿ ಹನ್ನೊಂದು,” ಎಂದಳು ಎರ್ರಮ್ಮ, ಕಳ್ಳತನ ಒಪ್ಪಿಕೊಂಡವಳಂತೆ.

“ಆರು ದಾಟಿದ್ರ ಸಾಕಂತೀವಿ ನಾವು. ಒಳಗ ಹೋಗದ ಹೊರಗ ಎಲ್ಲಿಂದ ಬರ್ತೈತಿ ದಾಕ್ಷಾಯಣಿ?” ಜಯಶ್ರೀ ನಕ್ಕಳು. “ಸಣ್ಣ ಹೊಟ್ಟಿ, ಎದಿಹಾಲು ಲಗೂನ ಅರಗತೈತಿ. ಅದಕ್ಕ ಪದೇ ಪದೇ ಕೇಳ್ತಾಳ. ಎದಿ ಮೆತ್ತಗಾದ್ರ ಹಾಲು ಹೋತು ಅಂತಲ್ಲ. ಕೂಸು ಕುಡಿದಷ್ಟೂ ಊರತೈತಿ. ಡಬ್ಬಿ ಹಾಲು ಶುರು ಮಾಡಿದ್ರ ಎದಿ ಕುಡಿಯೋದು ಕಡಿಮಿ ಆಗ್ತೈತಿ, ಹಾಲೂ ಕಡಿಮಿ ಆಗ್ತೈತಿ.”

“ನೀವು ಹೇಳೋದು ಖರೆ ಇರಬಹುದಕ್ಕ,” ಎಂದಳು ದಾಕ್ಷಾಯಣಿ. “ನಾಳಿ ಪಡಸಾಲ್ಯಾಗ ಮತ್ತ ಅದೇ ಮಾತು ಕೇಳಿದ್ರ?”

ಅಷ್ಟರಲ್ಲೇ ಬಾಗಿಲಲ್ಲಿ ಯಂಕಮ್ಮನ ದನಿ ಕೇಳಿತು. “ಡಬ್ಬಿ ಬಂತೇನ್ ಎರ್ರಮ್ಮಕ್ಕ? ಚಲೋ ಆತು. ಹಾಲು ಹೆಂಗೂ ಇಲ್ಲ…”

ಎರ್ರಮ್ಮನ ಅವ್ವ, ಅವ್ವನ ಅವ್ವ, ಎಲ್ಲರೂ ಬಂದು ಗಂಟಲಲ್ಲಿ ಅಡ್ಡ ನಿಂತರು. ಆಕೆ ತಿರುಗಿ ನೋಡಿದಳು. ಪರದೆ ಸರಿದೇ ಇತ್ತು. ಮಗಳು ಅವಳ ಬಾಯನ್ನೇ ನೋಡುತ್ತಿದ್ದಳು.

“ಯಾರು ಇಲ್ಲ ಅಂದೋರು?” ಎರ್ರಮ್ಮ ಗುಡುಗಿದಳು. ಬೀದಿಯ ನಾಯಿಗಳು ಬಾಲ ಮಡಚಿಕೊಂಡು ಊರ ಗಡಿ ದಾಟಿದವು. “ನನ್ನ ಮಗಳ ಹಾಲು ಹರಿದ್ರ ತುಂಗಭದ್ರಾ ಕಾಲುವಿ ಒಡೀತೈತಿ! ರಾರಾವಿ ಊರಿನ ಗದ್ದಿ ಎರಡು ಬೆಳಿ ಬೆಳೀತಾವು! ಕೂಸು ತಾಸಿಗೊಮ್ಮೆ ಕುಡೀತೈತಿ, ಯಾಕ? ನನ್ನ ಮೊಮ್ಮಗಳು! ಉಣ್ಣಾಕ ಕೂತ್ರ ಏಳೋ ವಂಶ ಅಲ್ಲ ನಮ್ಮದು!”

“ಮತ್ತ ನೀನೇ ಗಾಳಿ ಅಂದಿದ್ದಿ?” ಎಂದಳು ಯಂಕಮ್ಮ.

“ಸುಳ್ಳು ಹೇಳಿದ್ನೆವ್ವ. ನಿನ್ನ ಕಣ್ಣಿಗೆ ಹೆದರಿದ್ದೆ.”

“ಹತ್ತು ವರ್ಷದಿಂದ ನಿನ್ನ ಎಮ್ಮಿ ನೋಡಾಕತ್ತೀನಿ, ಅದು ಇನ್ನೂ ಮೇಯಾಕತ್ತೈತಿ. ನನ್ನ ಕಣ್ಣಾಗ ಅಷ್ಟು ಜೋರಿಲ್ಲ ಬಿಡು!” ಯಂಕಮ್ಮ ನಕ್ಕಳು. ನಗು ಅರ್ಧಕ್ಕೆ ನಿಂತಿತು. “ನನ್ನ ಸೊಸಿಗೂ ಯಾರಾರ ಹಿಂಗ ಕೂಗಿ ಹೇಳಿದ್ದಿದ್ರ…” ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು.

ಒಳಗೆ ದಾಕ್ಷಾಯಣಿ ನಗುತ್ತಿದ್ದಳು, ನಗುತ್ತಲೇ ಮಗುವನ್ನು ಎದೆಗೆ ಎತ್ತಿಕೊಂಡಳು. ಚನ್ನಬಸವರಾಜ ಸೀಲು ಒಡೆಯದ ಡಬ್ಬಿಯನ್ನು ಬೈಕಿನ ಚೀಲಕ್ಕೆ ಸೇರಿಸಿದ.

ಎರ್ರಮ್ಮ ಹಿತ್ತಲಿಗೆ ಹೋದಳು. ಎಮ್ಮೆಯ ಮರೆಯಲ್ಲಿದ್ದ ಬಟ್ಟೆಗಳನ್ನೆಲ್ಲ ಬಾಚಿ ತಂದು, ತಲೆಬಾಗಿಲಿನಿಂದ ಬೀದಿಯ ಕಂಬಕ್ಕೆ ಹಗ್ಗ ಕಟ್ಟಿ, ಊರೆಲ್ಲ ನೋಡುವಂತೆ ಒಂದೊಂದಾಗಿ ಹರವಿದಳು. ಈ ಕಥೆಯ ಉಳಿದೆಲ್ಲಕ್ಕೂ ಒಂದಿಷ್ಟು ಉಪ್ಪು ಖಾರ ಹಚ್ಚಿದೆ, ಒಪ್ಪಬೇಕು. ಆದರೆ ಆ ಹಗ್ಗದ ಮೇಲೆ ಇದ್ದದ್ದು ಹನ್ನೊಂದು. ಒಂದೂ ಹೆಚ್ಚಿಗೆ ಸೇರಿಸಿಲ್ಲ.